ದಕ್ಷಿಣದ ಶಂಕುಧಾರಿಗಳು: ಕರ್ನಾಟಕದ ಕೈತೋಟಕ್ಕೆ ಅಪರೂಪದ ಮರಗಳ ಆಯ್ಕೆ ಮತ್ತು ಪಾಲನೆ

1. ವಿಷಯದ ವ್ಯಾಪ್ತಿ

ಕರ್ನಾಟಕದ ಮನೆಯಂಗಳದಲ್ಲಿ ಶಂಕುಧಾರಿ ಮರಗಳಿಗೆ ಸಿಕ್ಕಿರುವ ಸ್ಥಾನ ವಿಶಿಷ್ಟವಾದುದು. ಮಾವು, ಹಲಸು, ನುಗ್ಗೆ, ತೆಂಗು ಊಟಕ್ಕೆ ಒದಗುವುದರಿಂದಲೂ, ಸಂಪಿಗೆ, ಪಾರಿಜಾತ, ಬಿಲ್ವ ಪೂಜೆಗೆ ಒದಗುವುದರಿಂದಲೂ ಹಿತ್ತಲಿನಲ್ಲಿ ನೆಲೆನಿಂತವು. ಶಂಕುಧಾರಿಗಳಾದರೋ ಇಂಥ ಯಾವ ಉಪಯೋಗದ ಹಂಗೂ ಇಲ್ಲದೆ, ಆಕಾರದ ಚೆಲುವೊಂದನ್ನೇ ನೆಚ್ಚಿ, ಹತ್ತೊಂಬತ್ತನೆಯ ಶತಮಾನದ ಸಸ್ಯೋದ್ಯಾನಗಳ ಮತ್ತು ಬಂಗಲೆ ತೋಟಗಳ ಮೂಲಕ ಒಳಬಂದವು. ಹೀಗೆ ಬಂದವುಗಳಲ್ಲಿ ಕೆಲವು ತಲೆಮಾರುಗಳನ್ನು ದಾಟಿ ಮುಗಿಲೆತ್ತರಕ್ಕೆ ಬೆಳೆದಿವೆ, ಮತ್ತೆ ಕೆಲವು ನರ್ಸರಿಯಿಂದ ಮನೆಗೆ ಬಂದ ಎರಡನೆಯ ಬೇಸಗೆಯನ್ನೂ ಕಾಣದೆ ಒಣಗುತ್ತವೆ. ಈ ಅಂತರವನ್ನು ಸಾಮಾನ್ಯವಾಗಿ ತೋಟಗಾರನ ಕೈಗುಣಕ್ಕೆ ಆರೋಪಿಸುವ ರೂಢಿಯಿದೆ. ಅದರ ನಿಜವಾದ ಕಾರಣ ಬಹುಮಟ್ಟಿಗೆ ಮರದ ವಂಶದಲ್ಲಿಯೂ ಮೂಲನೆಲದಲ್ಲಿಯೂ ಇದೆಯೆಂದು, ಆದ್ದರಿಂದ ಅಪರೂಪದ ಶಂಕುಧಾರಿಯನ್ನು ಅರಸುವವರು ಹಿಮದ ನಾಡುಗಳ ಕಡೆಗಿಂತ ದಕ್ಷಿಣ ಗೋಲಾರ್ಧದ ಮತ್ತು ಉಪೋಷ್ಣ ವಲಯದ ಕುಲಗಳ ಕಡೆಗೆ ನೋಡಬೇಕೆಂದು ಪ್ರತಿಪಾದಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲಿಗೆ ಶಂಕುಧಾರಿ ಎಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೀಜ ಬಿಡುವ ಸಸ್ಯಗಳಲ್ಲಿ ಎರಡು ದೊಡ್ಡ ಪಂಗಡಗಳಿವೆ. ಅಂಡಾಶಯದೊಳಗೆ ಬೀಜವನ್ನು ಮುಚ್ಚಿಟ್ಟುಕೊಂಡು ಅದನ್ನು ಹಣ್ಣು ಅಥವಾ ಕಾಯಾಗಿ ಬೆಳೆಸುವ ಹೂಬಿಡುವ ಸಸ್ಯಗಳು ಒಂದು ಪಂಗಡ. ಅಂಥ ಹೊದಿಕೆಯಿಲ್ಲದೆ, ಹುರುಪೆಯಂಥ ಅಂಗದ ಮೇಲೆ ಅಥವಾ ತೊಟ್ಟಿನ ತುದಿಯಲ್ಲಿ ಬೀಜವನ್ನು ತೆರೆದಂತೆ ಹೊರುವ ಅನಾವೃತಬೀಜ ಸಸ್ಯಗಳು ಇನ್ನೊಂದು. ಈ ಎರಡನೆಯ ಪಂಗಡದಲ್ಲಿ, ಹುರುಪೆಗಳು ಒಂದರ ಮೇಲೊಂದು ಸುತ್ತಿಕೊಂಡು ಶಂಕುವಿನ ಆಕಾರ ತಾಳಿದ ರಚನೆಯಲ್ಲಿ ಬೀಜ ಬಿಡುವ ಮರ ಮತ್ತು ಪೊದೆಗಳು ಶಂಕುಧಾರಿಗಳು. ಜಗತ್ತಿನಲ್ಲಿ ಇವುಗಳ ಆರುನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಪೈನ್, ದೇವದಾರು, ಸೈಪ್ರೆಸ್, ಜುನಿಪರ್, ಅರೌಕೇರಿಯಾ, ಪೋಡೋಕಾರ್ಪಸ್ ಇವೆಲ್ಲ ಈ ಬಳಗಕ್ಕೆ ಸೇರಿದವು. ತೋಟಗಳಲ್ಲಿ ತಾಳೆಯ ಹಾಗೆ ಗರಿಗೆದರಿ ನಿಲ್ಲುವ ಸೈಕಸ್ ಮತ್ತು ಪಶ್ಚಿಮಘಟ್ಟದ ಕಾಡಿನಲ್ಲಿ ಬಳ್ಳಿಯಾಗಿ ಹಬ್ಬುವ ನೀಟಮ್ ಅನಾವೃತಬೀಜ ಸಸ್ಯಗಳೇ ಆದರೂ ಶಂಕುಧಾರಿಗಳಲ್ಲ.

ಇಲ್ಲಿ ಒಂದು ಸಾರ್ವತ್ರಿಕ ತಪ್ಪುಗ್ರಹಿಕೆಯನ್ನು ನಿವಾರಿಸುವುದು ಅಗತ್ಯ. ಕರಾವಳಿಯಲ್ಲಿ ಗಾಳಿಮರವೆಂದೂ ಹಳೆಯ ಮೈಸೂರಿನ ಕಡೆ ಸರ್ವೆಯೆಂದೂ ಹೆಸರಾದ ಕ್ಯಾಸುರಿನಾವನ್ನು, ಅದರ ಸೂಜಿಯಂಥ ಹಸಿರನ್ನೂ ಪುಟ್ಟ ಶಂಕುವಿನಂಥ ಕಾಯನ್ನೂ ಕಂಡು, ಅನೇಕರು ಪೈನ್ ಜಾತಿಯ ಮರವೆಂದು ಭಾವಿಸುತ್ತಾರೆ. ಅದು ಹೂಬಿಡುವ ಸಸ್ಯ. ಅದರ ಒಂದು ಹಸಿರು ಸೂಜಿಯನ್ನು ಎರಡೂ ತುದಿಗಳಲ್ಲಿ ಹಿಡಿದು ಮೆಲ್ಲನೆ ಎಳೆದರೆ ಅದು ಗೆಣ್ಣು ಗೆಣ್ಣಾಗಿ ಕಳಚಿಕೊಳ್ಳುತ್ತದೆ. ಕಳಚಿದ ಗೆಣ್ಣಿನ ಅಂಚಿನಲ್ಲಿ ಹಲ್ಲುಗಳಂತೆ ಕಾಣುವ ಅತಿ ಸಣ್ಣ ಹುರುಪೆಗಳೇ ಅದರ ನಿಜವಾದ ಎಲೆಗಳು, ಸೂಜಿಯೆಂದು ತೋರುವುದು ಎಳೆಯ ಕಡ್ಡಿ. ಪೈನ್ ಮರದ ಸೂಜಿಯಾದರೋ ಇಡಿಯಾದ ಒಂದು ಎಲೆ. ಬುಡದಲ್ಲಿ ಎರಡೋ ಮೂರೋ ಐದೋ ಸೂಜಿಗಳು ಒಂದೇ ಕವಚದಲ್ಲಿ ಕಟ್ಟುಗೊಂಡಿರುತ್ತವೆ ಮತ್ತು ಎಳೆದರೆ ಗೆಣ್ಣಿನಲ್ಲಿ ಬಿಡದೆ ಹರಿಯುತ್ತವೆ. ಹೊರರೂಪದ ಸಾಮ್ಯವನ್ನು ನಂಬಿ ವಂಶವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಮನೆಯ ಬಳಿಯೇ ದೊರೆಯುವ ನಿದರ್ಶನ ಇದು.

2. ಹಿಮದ ನಾಡಿನ ಮರಗಳು ಇಲ್ಲಿ ಏಕೆ ಸೋಲುತ್ತವೆ

ತೋಟಗಾರಿಕೆಯ ಚಿತ್ರಪುಸ್ತಕಗಳಲ್ಲಿ ಕಾಣುವ ನೀಲಿ ಛಾಯೆಯ ಸ್ಪ್ರೂಸ್, ಬೆಳ್ಳಿ ಮಿಂಚಿನ ಫರ್, ಶರತ್ಕಾಲದಲ್ಲಿ ಹೊಂಬಣ್ಣಕ್ಕೆ ತಿರುಗುವ ಲಾರ್ಚ್ ಇವು ಉತ್ತರ ಗೋಲಾರ್ಧದ ಶೀತವಲಯದವು. ಹಗಲು ಕುಗ್ಗತೊಡಗಿದಾಗ ಇವು ಬೆಳವಣಿಗೆಯನ್ನು ನಿಲ್ಲಿಸಿ ಮೊಗ್ಗುಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಮತ್ತು ವಾರಗಟ್ಟಲೆ ತೀವ್ರ ಚಳಿಯನ್ನು ಅನುಭವಿಸಿದ ಮೇಲೆಯೇ ಆ ಮೊಗ್ಗುಗಳು ಮತ್ತೆ ಸರಿಯಾಗಿ ಬಿರಿಯುತ್ತವೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಕೂಡ ಡಿಸೆಂಬರ್, ಜನವರಿಯ ಕನಿಷ್ಠ ಉಷ್ಣತೆ ಸರಾಸರಿಯಲ್ಲಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಉಳಿಯುವುದರಿಂದ, ಚಳಿಗಾಲ ಬಂದು ಹೋಯಿತೆಂಬ ಸೂಚನೆ ಈ ಮರಗಳಿಗೆ ಮುಟ್ಟುವುದೇ ಇಲ್ಲ. ಮೊಗ್ಗುಗಳು ಅರೆಬರೆಯಾಗಿ ಒಡೆಯುತ್ತವೆ, ಚಿಗುರು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತದೆ. ಇದರ ಜೊತೆಗೆ ಬೆಚ್ಚನೆಯ ರಾತ್ರಿಗಳಲ್ಲಿ ಉಸಿರಾಟದ ವೇಗ ಹೆಚ್ಚಿ, ಹಗಲು ತಯಾರಿಸಿದ ಆಹಾರದ ದೊಡ್ಡ ಪಾಲು ರಾತ್ರಿಯೇ ಕರಗುತ್ತದೆ. ಗಿಡ ಯಾವ ರೋಗವೂ ಇಲ್ಲದೆ ಸೊರಗುತ್ತ ಹೋಗುವುದನ್ನು ಕಂಡ ಮಾಲೀಕ ನೀರನ್ನೋ ಗೊಬ್ಬರವನ್ನೋ ಹೆಚ್ಚಿಸುತ್ತಾನೆ. ಅದರಿಂದ ಬೇರು ಕೊಳೆತು ಅಂತ್ಯ ಇನ್ನಷ್ಟು ಬೇಗ ಬರುತ್ತದೆ.

ಎರಡನೆಯ ಕಾರಣ ಮಣ್ಣಿನೊಳಗಿನದು. ಮರದ ಬೇರಿಗೂ ಶಿಲೀಂಧ್ರಗಳಿಗೂ ಇರುವ ಸಹಜೀವನವನ್ನು ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ 1885ರಲ್ಲಿ ಮೈಕೊರೈಜಾ ಎಂಬ ಹೆಸರಿನಿಂದ ವಿವರಿಸಿದನು. ಶಿಲೀಂಧ್ರದ ಎಳೆಗಳು ಮಣ್ಣಿನಿಂದ ರಂಜಕವೇ ಮೊದಲಾದ ಪೋಷಕಗಳನ್ನು ಹೀರಿ ಬೇರಿಗೆ ಒದಗಿಸುತ್ತವೆ, ಪ್ರತಿಯಾಗಿ ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಪೈನ್, ಸ್ಪ್ರೂಸ್, ಫರ್‌ಗಳು ಸೇರಿದ ಪೈನೇಸಿ ಕುಟುಂಬಕ್ಕೆ ಬೇರಿನ ಹೊರಮೈಗೆ ಕವಚದಂತೆ ಹೊದೆಯುವ ವಿಶಿಷ್ಟ ಶಿಲೀಂಧ್ರಗಳು ಬೇಕು. ಅವು ಪೈನ್ ಬೆಳೆಯದ ನಾಡುಗಳ ಮಣ್ಣಿನಲ್ಲಿ ಇಲ್ಲದೆ ಹೋಗುವುದುಂಟು. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸುವ ಯತ್ನಗಳು ಪದೇ ಪದೇ ವಿಫಲವಾಗಿ, 1950ರ ದಶಕದಲ್ಲಿ ಪೈನ್ ಕಾಡಿನ ಮಣ್ಣನ್ನು ತರಿಸಿ ಸಸಿಗಳ ಬುಡಕ್ಕೆ ಬೆರೆಸಿದ ಮೇಲೆಯೇ ಹಳದಿಗಟ್ಟಿದ ಸಸಿಗಳು ಚೇತರಿಸಿಕೊಂಡವು. ಅರೌಕೇರಿಯಾ, ಪೋಡೋಕಾರ್ಪಸ್ ಮತ್ತು ಸೈಪ್ರೆಸ್ ಕುಟುಂಬಗಳ ಸಹವಾಸಿಗಳು ಇವಲ್ಲ; ಬೇರಿನ ಜೀವಕೋಶಗಳ ಒಳಗೇ ಕವಲೊಡೆದು ನೆಲೆಸುವ, ರಾಗಿ, ತೊಗರಿ, ಮಾವುಗಳ ಬೇರಿನಲ್ಲಿಯೂ ಇರುವ ಸಾಮಾನ್ಯ ಶಿಲೀಂಧ್ರಗಳೇ ಅವುಗಳಿಗೆ ಸಾಕು. ಬೆಂಗಳೂರಿನ ಕೆಮ್ಮಣ್ಣಿನಲ್ಲಿಯೂ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಇವು ವಿಶೇಷ ಉಪಚಾರವಿಲ್ಲದೆ ಬೇರೂರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಎತ್ತರ ಬದಲಾದಂತೆ ಲೆಕ್ಕಾಚಾರವೂ ಬದಲಾಗುತ್ತದೆ. 1840ರ ದಶಕದ ಕೊನೆಯಲ್ಲಿ ರೂಪುಗೊಂಡ ಊಟಿಯ ಸಸ್ಯೋದ್ಯಾನದಲ್ಲಿ, ಎರಡು ಸಾವಿರ ಮೀಟರಿಗೂ ಮಿಗಿಲಾದ ಎತ್ತರದ ತಂಪಿನಿಂದಾಗಿ, ಚಿಲಿ ಮತ್ತು ಅರ್ಜೆಂಟೀನಾದ ಬೆಟ್ಟಗಳಿಗೆ ಸೇರಿದ ಮಂಕಿ ಪಜಲ್ ಮರ ಬೆಳೆದಿದೆ. ಅದನ್ನು ನೋಡಿ ಮೈಸೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಅದೇ ಮರವನ್ನು ಬಯಸುವುದು ವಿವೇಕವಾಗದು.

3. ಅರೌಕೇರಿಯಾ ಕುಟುಂಬ

ಕರ್ನಾಟಕದ ಬಯಲುಸೀಮೆಗೂ ಮಲೆನಾಡಿಗೂ ಹೊಂದಿಕೊಂಡ ಶಂಕುಧಾರಿಗಳಲ್ಲಿ ಅಗ್ರಸ್ಥಾನ ಅರೌಕೇರಿಯಾ ಕುಟುಂಬದ್ದು. ಇಂದು ಇವುಗಳ ಸಹಜ ನೆಲೆ ಆಸ್ಟ್ರೇಲಿಯಾ, ನ್ಯೂ ಕ್ಯಾಲೆಡೋನಿಯಾ, ನ್ಯೂಗಿನಿ, ದಕ್ಷಿಣ ಅಮೆರಿಕ ಮುಂತಾದ ಕಡೆಗಳಿಗೆ ಸೀಮಿತವಾಗಿದ್ದರೂ, ಭಾರತವು ದಕ್ಷಿಣದ ಗೊಂಡ್ವಾನ ಮಹಾಖಂಡದ ಭಾಗವಾಗಿದ್ದ ಕಾಲದಲ್ಲಿ ಇವುಗಳ ಪೂರ್ವಿಕರು ಇಲ್ಲಿಯೂ ಇದ್ದರು. ರಾಜಮಹಲ್ ಬೆಟ್ಟಗಳಲ್ಲಿ ಮತ್ತು ಕಛ್‌ನಲ್ಲಿ ದೊರೆತ ಪಳೆಯುಳಿಕೆಗಳು ಇದಕ್ಕೆ ಸಾಕ್ಷಿ. ಭಾರತದ ಶಂಕುಧಾರಿ ಪಳೆಯುಳಿಕೆಗಳ ಕುರಿತು ಬೀರಬಲ್ ಸಾಹ್ನಿಯವರು 1928 ಮತ್ತು 1931ರಲ್ಲಿ ಪ್ರಕಟಿಸಿದ ಪರಿಷ್ಕರಣ ಗ್ರಂಥಗಳು ಈ ಕ್ಷೇತ್ರದ ಆಧಾರಕೃತಿಗಳಾಗಿವೆ. ಆದ್ದರಿಂದ ಅರೌಕೇರಿಯಾವನ್ನು ಪರದೇಶಿ ಮರವೆನ್ನುವಾಗ, ಅದರ ವಂಶ ಈ ನೆಲಕ್ಕೆ ತೀರ ಹೊಸದಲ್ಲವೆಂಬುದನ್ನೂ ನೆನಪಿನಲ್ಲಿಡಬೇಕಾಗುತ್ತದೆ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಉಳಿದೆಲ್ಲ ಮರಗಳ ತಲೆಯ ಮೇಲೆ ಕಂಬದಂತೆ ಎದ್ದು ಕಾಣುವುದು ಕುಕ್ ಪೈನ್, ಅಂದರೆ ಅರೌಕೇರಿಯಾ ಕಾಲಮ್ನಾರಿಸ್. ಹೆಸರಿನಲ್ಲಿ ಪೈನ್ ಎಂದಿದ್ದರೂ ಇದು ಪೈನ್ ಅಲ್ಲ. ನ್ಯೂ ಕ್ಯಾಲೆಡೋನಿಯಾದ ಈ ಮರವನ್ನು ಕ್ಯಾಪ್ಟನ್ ಕುಕ್‌ನ ಎರಡನೆಯ ಸಮುದ್ರಯಾನದ ತಂಡ 1774ರಲ್ಲಿ ಕಂಡಿತು. 60 ಮೀಟರಿನವರೆಗೂ ಬೆಳೆಯಬಲ್ಲ ಇದು ತನ್ನ ಹಳೆಯ ಉದ್ದನೆಯ ಕೊಂಬೆಗಳನ್ನು ತಾನೇ ಉದುರಿಸಿ, ಅದೇ ಜಾಗದಲ್ಲಿ ಗಿಡ್ಡನೆಯ ಹೊಸ ಕೊಂಬೆಗಳನ್ನು ಹೊರಡಿಸುವುದರಿಂದ ಕಂಬದ ಆಕಾರ ಪಡೆಯುತ್ತದೆ. ಐದು ಖಂಡಗಳ 18 ಸ್ಥಳಗಳಲ್ಲಿ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಮರದ ಇನ್ನೊಂದು ವೈಚಿತ್ರ್ಯವನ್ನು ದಾಖಲಿಸಿದೆ: ಉತ್ತರ ಗೋಲಾರ್ಧದಲ್ಲಿ ಇದು ದಕ್ಷಿಣಕ್ಕೂ, ದಕ್ಷಿಣ ಗೋಲಾರ್ಧದಲ್ಲಿ ಉತ್ತರಕ್ಕೂ, ಎಂದರೆ ಎಲ್ಲಿದ್ದರೂ ಭೂಮಧ್ಯರೇಖೆಯ ದಿಕ್ಕಿಗೆ ವಾಲುತ್ತದೆ, ವಾಲಿಕೆಯ ಸರಾಸರಿ ಸುಮಾರು 8.5 ಡಿಗ್ರಿ, ಭೂಮಧ್ಯರೇಖೆಯಿಂದ ದೂರ ಹೋದಂತೆ ಅದು ಹೆಚ್ಚು. ಇದರ ಕಾರಣ ಇನ್ನೂ ಇತ್ಯರ್ಥವಾಗಿಲ್ಲವಾದರೂ ತೋಟಗಾರನಿಗೆ ಇದರಲ್ಲಿ ಒಂದು ಪಾಠವಿದೆ. ಕರ್ನಾಟಕದಲ್ಲಿ ಈ ಮರ ವಾಲಿದರೆ ತೆಂಕಣಕ್ಕೆ ವಾಲುವುದೇ ಹೆಚ್ಚು ಸಂಭವವಾದ್ದರಿಂದ, ಮನೆಗೆ ಅಂಟಿದಂತೆ ಬಡಗಣ ದಿಕ್ಕಿನಲ್ಲಿ ಅದನ್ನು ನೆಡುವುದು ಯೋಗ್ಯವಲ್ಲ.

ಇದರ ಸಮೀಪದ ಬಂಧು ನಾರ್ಫೋಕ್ ದ್ವೀಪದ ಅರೌಕೇರಿಯಾ ಹೆಟೆರೊಫಿಲ್ಲಾ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಟ್ರೀ ಎಂಬ ಹೆಸರಿನಿಂದ ಕುಂಡಗಳಲ್ಲಿ ಮಾರಾಟವಾಗುವ ಸಸಿಗಳು ಈ ಎರಡರಲ್ಲಿ ಒಂದಾಗಿರುತ್ತವೆ. ಎಳೆಯ ಪ್ರಾಯದಲ್ಲಿ ಇವೆರಡನ್ನು ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ. ನಾರ್ಫೋಕ್ ಮರ ಉಪ್ಪುಗಾಳಿಯನ್ನು ಚೆನ್ನಾಗಿ ತಾಳುವುದರಿಂದ, ನೀರು ನಿಲ್ಲದ ಎತ್ತರದ ಜಾಗವಿದ್ದರೆ ಮಂಗಳೂರು, ಕಾರವಾರಗಳ ಕಡಲಂಚಿನ ತೋಟಗಳಿಗೂ ಸಲ್ಲುತ್ತದೆ. ಕಾಂಡದ ಒಂದೇ ಮಟ್ಟದಲ್ಲಿ ಸುತ್ತಲೂ ಚಾಚುವ ಕೊಂಬೆಗಳು, ಅದರ ಮೇಲೆ ಬರಿಯ ಕಾಂಡ, ಮತ್ತೆ ಇನ್ನೊಂದು ಸುತ್ತು ಕೊಂಬೆಗಳು, ಹೀಗೆ ಅಂತಸ್ತು ಅಂತಸ್ತಾಗಿ ಏರುವ ಅದರ ಶಿಸ್ತೇ ಅದರ ಆಕರ್ಷಣೆ.

ಈ ಶಿಸ್ತಿನ ಹಿಂದಿರುವ ಸಸ್ಯಶಾಸ್ತ್ರೀಯ ನಿಯಮವನ್ನು ಕೊಳ್ಳುವವರು ತಿಳಿದಿರಬೇಕು. ಅರೌಕೇರಿಯಾದ ನಡುಗಾಂಡದ ಸುಳಿಗೆ ಮೇಲಕ್ಕೆ ಬೆಳೆಯುವ ಸ್ವಭಾವ, ಪಕ್ಕದ ಕೊಂಬೆಯ ಸುಳಿಗೆ ಅಡ್ಡಕ್ಕೆ ಬೆಳೆಯುವ ಸ್ವಭಾವ. ಈ ಸ್ವಭಾವ ಎಷ್ಟು ಗಟ್ಟಿಯಾಗಿ ನಾಟಿರುತ್ತದೆಂದರೆ, ಪಕ್ಕದ ಕೊಂಬೆಯ ತುಂಡನ್ನು ನೆಟ್ಟು ಬೇರು ಬರಿಸಿದರೂ ಅದು ವರ್ಷಗಳ ಬಳಿಕವೂ ನೆಲದ ಮೇಲೆ ಅಡ್ಡಡ್ಡಲಾಗಿಯೇ ತೆವಳುತ್ತದೆ, ನೆಟ್ಟಗೆ ನಿಲ್ಲುವ ಮರವಾಗುವುದಿಲ್ಲ. ಕಡ್ಡಿಯನ್ನು ತೆಗೆದ ಸ್ಥಾನದ ಗುಣ ಹೊಸ ಗಿಡದಲ್ಲಿಯೂ ಮುಂದುವರಿಯುವ ಈ ವಿದ್ಯಮಾನಕ್ಕೆ ಟೋಪೋಫೈಸಿಸ್ ಎನ್ನುತ್ತಾರೆ. ಆದಕಾರಣ ಬೀಜದಿಂದ ಎದ್ದ ಅಥವಾ ನಡುಸುಳಿಯ ತುಂಡಿನಿಂದ ಬೆಳೆಸಿದ ಸಸಿಯನ್ನೇ ಆರಿಸಬೇಕು. ಇದೇ ಕಾರಣಕ್ಕೆ, ಎತ್ತರ ತಗ್ಗಿಸಲೆಂದು ಸುಳಿಯನ್ನು ಚಿವುಟುವುದೂ ತರವಲ್ಲ. ಚಿವುಟಿದ ಮರದ ಲಯ ಒಮ್ಮೆ ಕೆಟ್ಟರೆ ಮತ್ತೆ ಕೂಡಿಬರುವುದು ಅಪರೂಪ.

ಇದೇ ಕುಟುಂಬದ ಇನ್ನೂ ಮೂರು ಮರಗಳು ಗಮನಾರ್ಹವಾಗಿವೆ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂಗಿನಿಯ ಹೂಪ್ ಪೈನ್ ತನ್ನ ತೊಗಟೆಯನ್ನು ಕಾಂಡದ ಸುತ್ತ ಬಳೆಬಳೆಯಾಗಿ ಸುಲಿದುಕೊಳ್ಳುತ್ತದೆ. ಕ್ವೀನ್ಸ್‌ಲ್ಯಾಂಡಿನ ಕೌರಿ, ಅಂದರೆ ಅಗಾಥಿಸ್ ರೊಬಸ್ಟಾ, ಸೂಜಿಯೆಲೆಯೇ ಇಲ್ಲದೆ ಚರ್ಮದಂಥ ಅಗಲ ಎಲೆಗಳನ್ನು ಹೊತ್ತಿರುವುದರಿಂದ ಶಂಕುಧಾರಿಯೆಂದು ನಂಬುವುದೇ ಕಷ್ಟ. ಬುನ್ಯಾ ಪೈನ್ ಎಂಬ ಮೂರನೆಯದರ ಬೀಜಗಳು ತಿನ್ನಲು ಯೋಗ್ಯವಾದವು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಮೃದ್ಧ ಫಸಲಿನ ವರ್ಷಗಳಲ್ಲಿ ಅದಕ್ಕಾಗಿ ದೂರದೂರದಿಂದ ಬಂದು ಕೂಡುತ್ತಿದ್ದರು. ಆ ಬೀಜ ಮೊಳೆಯುವ ಬಗೆ ವಿಲಕ್ಷಣವಾದುದು: ಮೊದಲು ನೆಲದೊಳಗೆ ಒಂದು ಗೆಡ್ಡೆ ಕಟ್ಟುತ್ತದೆ, ಮೇಲ್ಗಡೆ ಏನೂ ಕಾಣದೆ ತಿಂಗಳುಗಳು ಕಳೆಯಬಹುದು, ಬಳಿಕ ಆ ಗೆಡ್ಡೆಯಿಂದ ಚಿಗುರು ಏಳುತ್ತದೆ. ಆದರೆ ಬೆಳೆದ ಬುನ್ಯಾ ಮರದಿಂದ ಹತ್ತು ಕಿಲೋಗ್ರಾಮಿನಷ್ಟು ತೂಗಬಲ್ಲ ಶಂಕು ಇಡಿಯಾಗಿ ಕೆಳಗೆ ಬೀಳುವುದರಿಂದ, ಮಕ್ಕಳು ಆಡುವ, ವಾಹನ ನಿಲ್ಲುವ ಅಂಗಳಕ್ಕೆ ಅದು ಸರ್ವಥಾ ವರ್ಜ್ಯ; ಕೊಡಗು, ಚಿಕ್ಕಮಗಳೂರುಗಳ ವಿಶಾಲವಾದ ಕಾಫಿ ತೋಟದ ಮೂಲೆ ಅದಕ್ಕೆ ತಕ್ಕ ಜಾಗ.

4. ಅಗಲ ಎಲೆಯ ಶಂಕುಧಾರಿಗಳು ಮತ್ತು ದಕ್ಷಿಣ ಭಾರತದ ಸ್ವಂತ ಮರ

ಅರೌಕೇರಿಯಾಗಳ ಎತ್ತರ ಮೂವತ್ತು ನಲವತ್ತರ ಸೈಟಿಗೆ ಹೊರೆಯಾಗುತ್ತದೆ. ಅಂಥ ಚಿಕ್ಕ ನಿವೇಶನಗಳಿಗೆ ಪೋಡೋಕಾರ್ಪಸ್ ಕುಟುಂಬ ಹೆಚ್ಚು ಅನುಕೂಲ. ಜಪಾನ್ ಮತ್ತು ಚೀನಾ ಮೂಲದ ಪೋಡೋಕಾರ್ಪಸ್ ಮ್ಯಾಕ್ರೊಫಿಲ್ಲಸ್ ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ, ಬೇಲಿಯಾಗಿಯೂ ಕುಂಡದ ಗಿಡವಾಗಿಯೂ ಸಲ್ಲುತ್ತದೆ, ಅರೆನೆರಳನ್ನು ಸಹಿಸುತ್ತದೆ. ಪೂರ್ವ ಆಫ್ರಿಕದ ಆಫ್ರೋಕಾರ್ಪಸ್ ಗ್ರಾಸಿಲಿಯರ್ ನವಿರಾದ ಎಲೆಗಳಿಂದ ದಟ್ಟ ಹಸಿರಿನ ತೆರೆಯನ್ನು ಕಟ್ಟುತ್ತದೆ. ಈ ಕುಟುಂಬದಲ್ಲಿ ಗಂಡು ಮತ್ತು ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣು ಮರದಲ್ಲಿ ಶಂಕು ಕಿರಿದಾಗಿ, ಒಂದೆರಡು ಬೀಜಗಳಷ್ಟೇ ಉಳಿದು, ಅನೇಕ ಪ್ರಭೇದಗಳಲ್ಲಿ ಬೀಜದ ಬುಡ ತಿರುಳುಗಟ್ಟಿ ಬಣ್ಣ ತಾಳುವುದರಿಂದ ಹಕ್ಕಿಗಳನ್ನು ಸೆಳೆಯುತ್ತದೆ.

ಈ ಕುಟುಂಬದಲ್ಲಿಯೇ ದಕ್ಷಿಣ ಭಾರತಕ್ಕೆ ಸಹಜವಾದ ಏಕೈಕ ಶಂಕುಧಾರಿಯಿದೆ. ಕಲ್ಕತ್ತೆಯ ಸಸ್ಯೋದ್ಯಾನದ ಅಧೀಕ್ಷಕನಾಗಿದ್ದ ಡೆನ್ಮಾರ್ಕಿನ ನಥಾನಿಯಲ್ ವಾಲಿಕ್‌ನ ಹೆಸರನ್ನು ಹೊತ್ತ ನಗೇಯಾ ವಾಲಿಚಿಯಾನಾ ಎಂಬ ಈ ಮರ, ನೀಲಗಿರಿ, ಆನೈಮಲೈ, ಅಗಸ್ತ್ಯಮಲೈ ಮೊದಲಾದ ಪಶ್ಚಿಮಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗಿನ ಬೆಟ್ಟಗಳಲ್ಲಿಯೂ ಬೆಳೆಯುತ್ತದೆ. ಹಿಂದಿನ ಗ್ರಂಥಗಳಲ್ಲಿ ಇದು ಪೋಡೋಕಾರ್ಪಸ್ ವಾಲಿಚಿಯಾನಸ್ ಎಂಬ ಹೆಸರಿನಲ್ಲಿ ಕಾಣಸಿಗುತ್ತದೆ. ಇದರ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ವಿಶೇಷ ತಿಳಿಯುತ್ತದೆ: ಮಾವು ಹಲಸುಗಳ ಎಲೆಯಲ್ಲಿರುವಂಥ ನಡುನರವೇ ಇಲ್ಲ, ಬುಡದಿಂದ ತುದಿಯವರೆಗೆ ಹತ್ತಾರು ಸೂಕ್ಷ್ಮ ನರಗಳು ಒಂದಕ್ಕೊಂದು ಸಮಾನಾಂತರವಾಗಿ ಹರಿದು, ಮೊನಚಾದ ತುದಿಯ ಕಡೆಗೆ ಒಗ್ಗೂಡುತ್ತವೆ. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಮೂಡುತ್ತವೆ, ಮುಟ್ಟಿದರೆ ದಪ್ಪ ಹಾಳೆಯಷ್ಟು ಬಿರುಸು. ಕಾಡಿನ ಮೇಲ್ಛಾವಣಿಯ ಕೆಳಗೆ ಮೊಳೆತು ನಿಧಾನವಾಗಿ ಏರುವ ಮರವಾದ್ದರಿಂದ ಎಳೆಯ ವಯಸ್ಸಿನಲ್ಲಿ ಇದು ನೆರಳನ್ನು ಬಯಸುತ್ತದೆ. ಸಕಲೇಶಪುರ, ಮಡಿಕೇರಿ, ಆಗುಂಬೆಗಳಂಥ ಮಳೆನಾಡಿನ ಹಿತ್ತಲುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅಪರೂಪದ ಶಂಕುಧಾರಿಗಾಗಿ ಪರದೇಶದ ಪಟ್ಟಿಗಳನ್ನು ತಿರುವಿಹಾಕುವ ಆಸಕ್ತರು, ಬೆಟ್ಟದ ಆಚೆಗೇ ಇರುವ ಈ ಮರವನ್ನು ಕಡೆಗಣಿಸಿರುವುದು ಸಂಗ್ರಹದ ಅಭಿರುಚಿಯಲ್ಲಿರುವ ಒಂದು ದೊಡ್ಡ ಕೊರತೆ.

5. ಒಣನಾಡು, ಒದ್ದೆನೆಲ ಮತ್ತು ಕಿರುಗಾತ್ರದ ತಳಿಗಳು

ಬಳ್ಳಾರಿ, ವಿಜಯಪುರ, ಕಲಬುರಗಿಗಳಂಥ ಒಣಸೀಮೆಗೆ ಆಸ್ಟ್ರೇಲಿಯಾದ ಕ್ಯಾಲಿಟ್ರಿಸ್ ಕುಲ ಪರೀಕ್ಷೆಗೆ ಅರ್ಹವಾದುದು. ಶಂಕುಧಾರಿಗಳ ಕಟ್ಟಿಗೆಯಲ್ಲಿ ನೀರು ಏರುವುದು ಹೂಬಿಡುವ ಮರಗಳಲ್ಲಿರುವಂಥ ಉದ್ದ ಕೊಳವೆಗಳಲ್ಲಿ ಅಲ್ಲ, ಟ್ರೇಕೀಡ್ ಎಂಬ ಗಿಡ್ಡನೆಯ ಕಿರಿದಾದ ಜೀವಕೋಶಗಳ ಸರಣಿಯಲ್ಲಿ. ಬರಗಾಲದಲ್ಲಿ ಈ ಸರಣಿಯೊಳಗೆ ಗಾಳಿಗುಳ್ಳೆ ನುಗ್ಗಿ ನೀರಿನ ಎಳೆ ಕಡಿದುಹೋದಾಗ ಮರ ಸಾಯುತ್ತದೆ. ಇಂಥ ಕಡಿತವನ್ನು ತಡೆದುಕೊಳ್ಳುವ ಶಕ್ತಿಯಲ್ಲಿ ಕ್ಯಾಲಿಟ್ರಿಸ್‌ಗಳು ಜಗತ್ತಿನ ಮರಗಳಲ್ಲೇ ಮೇಲ್ಪಂಕ್ತಿಯವು. ಇದಕ್ಕೆ ವಿರುದ್ಧವಾಗಿ ಕೆರೆ, ಕೃಷಿಹೊಂಡಗಳ ಅಂಚಿಗೆ ಮೆಕ್ಸಿಕೊದ ಟ್ಯಾಕ್ಸೋಡಿಯಮ್ ಒಪ್ಪುತ್ತದೆ. ಓಹಾಕಾ ಪ್ರಾಂತದ ಸಾಂತಾ ಮಾರಿಯಾ ಡೆಲ್ ತೂಲೆ ಎಂಬ ಊರಿನ ಇಗರ್ಜಿಯ ಅಂಗಳದಲ್ಲಿರುವ ಇದೇ ಪ್ರಭೇದದ ಮರ, ಕಾಂಡದ ಸುತ್ತಳತೆಗೆ ಜಗತ್ಪ್ರಸಿದ್ಧವಾಗಿದೆ.

ಚಿಕ್ಕ ತೋಟಗಳಲ್ಲಿ ಬಹುಬಳಕೆಯ ಥೂಜಾ ವಾಸ್ತವವಾಗಿ ಪ್ಲಾಟಿಕ್ಲಾಡಸ್ ಓರಿಯೆಂಟಾಲಿಸ್. ಅದರ ರೆಂಬೆಗಳು ಅಂಗೈಗಳನ್ನು ಲಂಬವಾಗಿ ನಿಲ್ಲಿಸಿದಂತೆ ಒಂದರ ಪಕ್ಕ ಒಂದು ನಿಂತಿರುತ್ತವೆ, ಶಂಕುವಿನ ಹುರುಪೆಗಳ ತುದಿಯಲ್ಲಿ ಬಾಗಿದ ಕೊಕ್ಕೆಗಳಿರುತ್ತವೆ, ಬೀಜಕ್ಕೆ ರೆಕ್ಕೆಯಿರುವುದಿಲ್ಲ. ಈ ಮೂರು ಲಕ್ಷಣಗಳು ಅದನ್ನು ನಿಜವಾದ ಥೂಜಾದಿಂದ ಬೇರ್ಪಡಿಸುತ್ತವೆ. ಬಿಸಿಲನ್ನೂ ಬರವನ್ನೂ ತಾಳುವ ಇದರ ಹೊಂಬಣ್ಣದ ಗಿಡ್ಡ ತಳಿಗಳು ಮತ್ತು ಚೀನಾದ ಜುನಿಪರ್ ತಳಿಗಳು ಬಯಲುಸೀಮೆಯ ಕುಂಡಗಳಲ್ಲಿ ವಿಶ್ವಾಸಾರ್ಹವಾದವು. ನಿಂಬೆಯ ಪರಿಮಳದಿಂದ ಮನಸೆಳೆಯುವ ಗೋಲ್ಡ್‌ಕ್ರೆಸ್ಟ್ ಹಾಗಲ್ಲ. ಅದು ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲತೀರದ ಎರಡು ಸಣ್ಣ ತೋಪುಗಳಲ್ಲಿ ಮಾತ್ರ ಸಹಜವಾಗಿ ಉಳಿದಿರುವ, ತಂಪು ಬೇಸಗೆಯ ಮಂಜಿಗೆ ಹೊಂದಿಕೊಂಡ ಸೈಪ್ರೆಸ್‌ನ ತಳಿಯಾದ್ದರಿಂದ, ಏಪ್ರಿಲಿನ ಬಿಸಿಲು ಮತ್ತು ಜುಲೈನ ತೇವ ಇವೆರಡರ ನಡುವೆ ಸಿಕ್ಕಿ ಬೇಗನೆ ಬುಡದಿಂದ ಕಂದುತ್ತದೆ.

ಗಿಡ್ಡ ಎಂಬ ಮಾತನ್ನು ಕೂಡ ಎಚ್ಚರದಿಂದ ಗ್ರಹಿಸಬೇಕು. ಗಿಡ್ಡ ತಳಿ ಬೆಳೆಯುವುದನ್ನು ನಿಲ್ಲಿಸುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಅಮೆರಿಕದ ಶಂಕುಧಾರಿ ಸಂಘದ ವರ್ಗೀಕರಣದಂತೆ ವರ್ಷಕ್ಕೆ ಒಂದು ಅಂಗುಲಕ್ಕಿಂತ ಕಡಿಮೆ ಬೆಳೆಯುವವು ಕಿರಿತಳಿಗಳು, ಒಂದರಿಂದ ಆರು ಅಂಗುಲ ಬೆಳೆಯುವವು ಗಿಡ್ಡ ತಳಿಗಳು, ಆರರಿಂದ ಹನ್ನೆರಡು ಅಂಗುಲದವು ಮಧ್ಯಮ, ಅದಕ್ಕೂ ಮೇಲಿನವು ದೊಡ್ಡವು. ಈ ಅಳತೆಗಳು ಶೀತವಲಯದ ಒಂದು ಬೆಳೆಗಾಲವನ್ನು ಆಧರಿಸಿದವು; ವರ್ಷವಿಡೀ ಬೆಚ್ಚಗಿರುವ ಕರ್ನಾಟಕದಲ್ಲಿ ಅದೇ ತಳಿ ಚೀಟಿಯ ಮೇಲೆ ಬರೆದುದಕ್ಕಿಂತ ವೇಗವಾಗಿ ಬೆಳೆಯಬಹುದು. ಇನ್ನು ಇಂಥ ತಳಿಗಳಲ್ಲಿ ಅನೇಕವು ಒಂದು ಮರದಲ್ಲೋ ಸಸಿಯಲ್ಲೋ ಅಕಸ್ಮಾತ್ತಾಗಿ ತೋರಿದ ಮಾರ್ಪಾಟಿನಿಂದ ಹುಟ್ಟಿದವು. 1904ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ರೆಡರ್ ಮತ್ತು ಜ್ಯಾಕ್ ಎಂಬ ಸಸ್ಯವಿಜ್ಞಾನಿಗಳು ಕಂಡ ಕೋನಿಕಾ ಎಂಬ ಗಿಡ್ಡ ಸ್ಪ್ರೂಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿ ಆಗಾಗ ಒಂದು ಕೊಂಬೆ ಮೂಲದ ದೈತ್ಯ ಸ್ವಭಾವಕ್ಕೆ ಮರಳುತ್ತದೆ. ಅಂಥ ಕೊಂಬೆಯನ್ನು ಕಂಡೊಡನೆ ಬುಡಕ್ಕೆ ಕತ್ತರಿಸದಿದ್ದರೆ ಅದು ಇಡೀ ಗಿಡವನ್ನು ನುಂಗಿಹಾಕುತ್ತದೆ. ಈ ನಿಯಮ ಇಲ್ಲಿ ಬೆಳೆಯುವ ಜುನಿಪರ್ ತಳಿಗಳಿಗೂ ಅನ್ವಯಿಸುತ್ತದೆ.

6. ನೆಡುವ ಮತ್ತು ಪೋಷಿಸುವ ಕ್ರಮ

ಶಂಕುಧಾರಿಗಳ ವೈಫಲ್ಯಗಳಲ್ಲಿ ಗಣನೀಯ ಭಾಗ ನೆಡುವ ದಿನವೇ ನಿರ್ಧಾರವಾಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರುಗಳು ಚೀಲದ ಗೋಡೆಗೆ ತಗುಲಿ ಸುರುಳಿ ಸುತ್ತಿರುತ್ತವೆ. ಅದನ್ನು ಹಾಗೆಯೇ ಹೂಳಿದರೆ ಬೇರು ಹೊರಮಣ್ಣಿಗೆ ಚಾಚದೆ, ವರ್ಷಗಳ ನಂತರ ತನ್ನ ಕಾಂಡವನ್ನೇ ಬಿಗಿಯುತ್ತದೆ ಅಥವಾ ಗಾಳಿಗೆ ಮರ ಬುಡಸಮೇತ ಉರುಳುತ್ತದೆ. ಆದ್ದರಿಂದ ಬೇರುಮುದ್ದೆಯ ಬದಿಗಳನ್ನು ಹರಿತವಾದ ಚಾಕುವಿನಿಂದ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಸೀಳಿ, ಸುರುಳಿಯನ್ನು ಬಿಡಿಸಿ ನೆಡಬೇಕು. ಗುಂಡಿ ಬೇರುಮುದ್ದೆಗಿಂತ ಎರಡು ಪಟ್ಟು ಅಗಲವಾಗಿರಲಿ, ಆಳ ಮಾತ್ರ ಅದರಷ್ಟೇ ಇರಲಿ. ಕಾಂಡವೂ ಬೇರೂ ಕೂಡುವ ಕಂಠಭಾಗ ನೆಲದ ಮಟ್ಟಕ್ಕಿಂತ ಕೆಳಗೆ ಹೋದರೆ ಅಲ್ಲಿ ಕೊಳೆ ಶುರುವಾಗುತ್ತದೆ. ಗುಂಡಿಗೆ ಹಸಿ ಗೊಬ್ಬರವನ್ನು ತುಂಬುವ ರೂಢಿ ಇವುಗಳಿಗೆ ಹಿತವಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿ, ಮೇಲೆ ಮೂರು ಅಂಗುಲ ತರಗೆಲೆಯ ಮುಚ್ಚಿಗೆಯನ್ನು ಕಾಂಡಕ್ಕೆ ತಗಲದ ಹಾಗೆ ಹಾಸಿದರೆ ಸಾಕು. ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ಹದಮಳೆಯ ನಂತರ, ಮಲೆನಾಡಿನಲ್ಲಿ ಜಡಿಮಳೆ ಇಳಿಮುಖವಾದ ಮೇಲೆ ನೆಡುವುದು ಲೇಸು.

ನೀರಿನ ವಿಷಯದಲ್ಲಿ ಎರಡು ಮಾತು ಮುಖ್ಯ. ದಿನವೂ ಚಿಮುಕಿಸುವ ಬದಲು, ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ಮಣ್ಣಿನ ಹದ ನೋಡಿ ಆಳಕ್ಕೆ ಇಳಿಯುವಂತೆ ಹಾಯಿಸಬೇಕು. ಗಡಸು ನೀರಿನ ಕೊಳವೆಬಾವಿಯನ್ನೇ ನೆಚ್ಚಿದ ತೋಟಗಳಲ್ಲಿ ಮಣ್ಣು ಕ್ರಮೇಣ ಕ್ಷಾರೀಯವಾಗಿ, ಕಬ್ಬಿಣದ ಅಂಶ ಬೇರಿಗೆ ಎಟುಕದೆ, ಎಳೆಯ ಎಲೆಗಳು ಹಳದಿಗಟ್ಟುತ್ತವೆ. ಛಾವಣಿಯ ಮಳೆನೀರನ್ನು ಕೂಡಿಟ್ಟು ಕುಂಡದ ಗಿಡಗಳಿಗಾದರೂ ಬಳಸುವುದು ಇದಕ್ಕೆ ಸುಲಭದ ಪರಿಹಾರ. ಶಂಕುಧಾರಿಗಳ ಎಲೆ ಬಿರುಸಾಗಿ ಮೇಣದ ಲೇಪ ಹೊಂದಿರುವುದರಿಂದ ಬಾಡಿದ್ದನ್ನು ಬೇಗ ತೋರಿಸುವುದಿಲ್ಲ. ಬೇರು ಸತ್ತು ವಾರಗಳು ಕಳೆದ ಮೇಲೂ ಗಿಡ ಹಸಿರಾಗಿಯೇ ಕಾಣುತ್ತದೆ, ಕಂದುಬಣ್ಣ ಬರುವ ಹೊತ್ತಿಗೆ ಉಪಚಾರದ ಕಾಲ ಮೀರಿರುತ್ತದೆ. ಹೀಗಾಗಿ ಸುಳಿಯ ಹೊಸ ಚಿಗುರಿನ ಉದ್ದವನ್ನು ವರ್ಷದಿಂದ ವರ್ಷಕ್ಕೆ ಗಮನಿಸುವುದೇ ಆರೋಗ್ಯದ ನಂಬಿಕಸ್ಥ ಸೂಚಿ. ಕೊಂಬೆಯ ಒಳಭಾಗದ ಹಳೆಯ ಎಲೆಗಳು ಒಣಗಿ ಉದುರುವುದು ಮಾತ್ರ ಸಹಜ ಕ್ರಿಯೆ, ಅದಕ್ಕೆ ಗಾಬರಿಪಡಬೇಕಾಗಿಲ್ಲ.

ಫೆಬ್ರವರಿಯಿಂದ ಮೇವರೆಗಿನ ಒಣಹವೆಯಲ್ಲಿ ಜುನಿಪರ್ ಮತ್ತು ಸೈಪ್ರೆಸ್‌ಗಳಿಗೆ ಕೆಂಪು ನುಸಿಯ ಬಾಧೆ ಹೆಚ್ಚು. ರೆಂಬೆಯ ಕೆಳಗೆ ಒಂದು ಬಿಳಿಯ ಹಾಳೆ ಹಿಡಿದು ಮೇಲಿನಿಂದ ತಟ್ಟಿದರೆ, ಉದುರಿದ ಧೂಳಿನ ಕಣಗಳಲ್ಲಿ ಕೆಲವು ಹರಿದಾಡತೊಡಗುತ್ತವೆ. ಬೆರಳಿನಿಂದ ಒರೆಸಿದರೆ ಕೆಂಗಂದು ಗೀರು ಉಳಿಯುತ್ತದೆ. ಬೆಳಗಿನ ಹೊತ್ತು ಎಲೆಗಳ ಮೇಲೆ ರಭಸವಾಗಿ ನೀರು ಹಾಯಿಸುವುದರಿಂದ ನುಸಿಯ ಸಂಖ್ಯೆಯನ್ನು ಬಹುಮಟ್ಟಿಗೆ ತಗ್ಗಿಸಬಹುದು. ಕತ್ತರಿಸುವಾಗ ಹಸಿರೆಲೆಯಿರುವ ಭಾಗದೊಳಗೇ ಕತ್ತರಿ ನಿಲ್ಲಬೇಕು. ಎಲೆಯಿಲ್ಲದ ಹಳೆಯ ಕಟ್ಟಿಗೆಯಿಂದ ಸೈಪ್ರೆಸ್, ಜುನಿಪರ್, ಪೈನ್‌ಗಳು ಮತ್ತೆ ಚಿಗುರುವುದಿಲ್ಲವಾದ್ದರಿಂದ, ಅಲ್ಲಿ ಮಾಡಿದ ಗಾಯ ಶಾಶ್ವತವಾದ ಬೋಳಾಗಿ ಉಳಿಯುತ್ತದೆ.

7. ಸಂಗ್ರಹಕಾರನ ಹೊಣೆ

ಅಪರೂಪದ ಗಿಡದ ಮೋಹಕ್ಕೆ ಕಾನೂನಿನ ಮತ್ತು ನೀತಿಯ ಎಲ್ಲೆಗಳಿವೆ. ಪರದೇಶದಿಂದ ಬೀಜ ಅಥವಾ ಸಸಿ ತರಿಸುವುದಕ್ಕೆ 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಆಮದು ಪರವಾನಗಿಯೂ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಅಂಚೆಯ ಲಕೋಟೆಯಲ್ಲಿ ಗುಟ್ಟಾಗಿ ಬರುವ ಬೀಜದ ಜೊತೆ ರೋಗಾಣುವೂ ಬರಬಹುದೆಂಬುದು ಈ ನಿಯಮದ ಹಿಂದಿನ ಕಾಳಜಿ. ಅರೌಕೇರಿಯಾ ಮತ್ತು ಅಗಾಥಿಸ್ ಬೀಜಗಳು ಬಹುಬೇಗ ಜೀವ ಕಳೆದುಕೊಳ್ಳುವುದರಿಂದ ಹೀಗೆ ತರಿಸುವುದು ಬಹುತೇಕ ವ್ಯರ್ಥವೂ ಹೌದು. ಮರ ದೊಡ್ಡದಾದ ಮೇಲೆ ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗುವುದರಿಂದ, ವಿದ್ಯುತ್ ತಂತಿಯ ಕೆಳಗೆ ಕುಕ್ ಪೈನ್ ನೆಟ್ಟವರು ತಮ್ಮ ಮುಂದಿನ ತಲೆಮಾರಿಗೆ ತೊಡಕನ್ನು ಬಿಟ್ಟುಹೋಗುತ್ತಾರೆ.

ಹವ್ಯಾಸಿಗಳ ತೋಟ ಸಂರಕ್ಷಣೆಗೆ ನೆರವಾಗಬಲ್ಲುದೆಂಬುದಕ್ಕೆ ವೊಲೆಮಿ ಪೈನ್‌ನ ಚರಿತ್ರೆ ನಿದರ್ಶನ. 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನ ಅಧಿಕಾರಿ ಸಿಡ್ನಿಯ ವಾಯವ್ಯಕ್ಕಿರುವ ವೊಲೆಮಿ ರಾಷ್ಟ್ರೀಯ ಉದ್ಯಾನದ ಕೊರಕಲಿನಲ್ಲಿ ಇದನ್ನು ಕಂಡನು. ಕಾಡಿನಲ್ಲಿ ಬೆಳೆದ ಮರಗಳ ಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಮೂಲಸ್ಥಳವನ್ನು ಗುಟ್ಟಾಗಿರಿಸಿ, ಸಸಿಗಳನ್ನು ಕೃತಕವಾಗಿ ವೃದ್ಧಿಸಿ, 2005ರಿಂದೀಚೆಗೆ ಸಾರ್ವಜನಿಕರಿಗೆ ಮಾರಿದ್ದರಿಂದ ಕಳ್ಳಸಾಗಣೆಯ ಆಮಿಷ ಕುಗ್ಗಿತು ಮತ್ತು ಪ್ರಭೇದ ಹಲವು ದೇಶಗಳ ತೋಟಗಳಲ್ಲಿ ಹಂಚಿಕೆಯಾಯಿತು. 2019-20ರ ಕಾಡ್ಗಿಚ್ಚಿನಲ್ಲಿ ಮೂಲತೋಪನ್ನು ಉಳಿಸಲು ವಿಶೇಷ ಅಗ್ನಿಶಾಮಕ ಕಾರ್ಯಾಚರಣೆಯೇ ಬೇಕಾದಾಗ, ಈ ಹಂಚಿಕೆಯ ಬೆಲೆ ಇನ್ನಷ್ಟು ಮನವರಿಕೆಯಾಯಿತು. ಜಗತ್ತಿನ ಶಂಕುಧಾರಿ ಪ್ರಭೇದಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಿವಿನ ಭೀತಿಯಲ್ಲಿವೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2013ರಲ್ಲಿ ಅಂದಾಜಿಸಿದೆ.

ಕರ್ನಾಟಕದಲ್ಲಿ ಈ ಮಾದರಿಗೆ ಅರ್ಹವಾದ ಮರ ನಗೇಯಾ. ಅರಣ್ಯ ಇಲಾಖೆಯ ಅನುಮತಿಯಿಂದ ಬೀಜ ಸಂಗ್ರಹಿಸಿ, ಯಾವ ಬೆಟ್ಟದ ಯಾವ ಮರದಿಂದ ಬಂದುದೆಂಬುದನ್ನು ದಾಖಲಿಸಿ, ಸಸ್ಯೋದ್ಯಾನಗಳು ಮತ್ತು ತೋಟಗಾರಿಕೆ ಕಾಲೇಜುಗಳು ಅದರ ಸಸಿಗಳನ್ನು ಬೆಳೆಸಿದರೆ, ಗಂಡು ಹೆಣ್ಣುಗಳೆರಡೂ ಸೇರಿದಂತೆ ಐದಾರು ಸಸಿಗಳ ಗುಂಪನ್ನು ಹತ್ತಿರ ಹತ್ತಿರದ ಮನೆಗಳು ಹಂಚಿಕೊಂಡು ನೆಡುವುದು ಸಾಧ್ಯವಾಗುತ್ತದೆ. ಸಂಗ್ರಹದ ಹಿರಿಮೆಯನ್ನು ಹೆಸರಿನ ಚೀಟಿಗಳ ಸಂಖ್ಯೆಯಿಂದ ಅಳೆಯುವ ವಾಡಿಕೆಗಿಂತ, ನೆಟ್ಟ ಮರ ಈ ಹವೆಯಲ್ಲಿ ತಾನಾಗಿ ಬೀಜಕಟ್ಟಿ ಆ ಬೀಜ ಮೊಳೆಯಿತೇ ಎಂಬ ಪ್ರಶ್ನೆಯಿಂದ ಅಳೆಯುವುದು ಹೆಚ್ಚು ಕಠಿಣವಾದರೂ ಹೆಚ್ಚು ಪ್ರಾಮಾಣಿಕವಾದ ಮಾನದಂಡ. ಆ ಮಾನದಂಡವನ್ನು ಒಪ್ಪಿದ ತೋಟಗಾರನಿಗೆ ಯಾವ ಮರವನ್ನು ಬಿಡಬೇಕು, ಯಾವುದನ್ನು ತರಬೇಕು ಎಂಬ ನಿರ್ಣಯ ನರ್ಸರಿಯ ಬಾಗಿಲಿಗೆ ಹೋಗುವ ಮೊದಲೇ ಅರ್ಧ ಮುಗಿದಿರುತ್ತದೆ.